ಸರ್ಕಾರದ ವಕೀಲ ಯಾರ ವಕೀಲ?

ಕೋರ್ಟಿನ ಮೆಟ್ಟಿಲು ಒಮ್ಮೆ ಹತ್ತಿದವನಿಗೂ ಗೊತ್ತು, ವಕೀಲ ಅಂದ್ರೆ ಯಾರೋ ಒಬ್ಬನ ಕಡೆಯ ವಕೀಲ. ಅಂಗಡಿ ಬಾಡಿಗೆಯ ವ್ಯಾಜ್ಯವಾದರೆ ಮಾಲೀಕನಿಗೊಬ್ಬ, ಬಾಡಿಗೆದಾರನಿಗೊಬ್ಬ. ಫೀಸು ಕೊಟ್ಟವನ ಪರ ವಾದ. ಅದು ವೃತ್ತಿಧರ್ಮ, ತಪ್ಪೇನಿಲ್ಲ. ಆದರೆ ಸರ್ಕಾರದ ವಕೀಲ ಅಂತ ಒಬ್ಬರಿರ್ತಾರಲ್ಲ, ಅವರು ಯಾರ ಕಡೆ? ಗದ್ದುಗೆ ಮೇಲೆ ಕೂತವರ ಕಡೆಯೇ? ಬೀದಿಯಲ್ಲಿ ಕೂಗುವ ಜನರ ಕಡೆಯೇ? ಅಥವಾ ಯಾರಿಗೂ ಬೇಡವಾದ ಮೂಲೆಮನೆಯ ಬಡಪಾಯಿಗೂ ಅವರೇ ವಕೀಲರೇ?

ಕಾನೂನು ಪುಸ್ತಕ ತೆರೆದರೆ ಇದಕ್ಕೆ ಉತ್ತರ ಎರಡು ಸಾಲಿನಲ್ಲಿ ಮುಗಿದೀತು. ಆದರೆ ಅದೇ ಉತ್ತರ ಒಬ್ಬ ಮನುಷ್ಯನ ಬದುಕಿನಲ್ಲಿ ಎಷ್ಟು ದುಬಾರಿಯಾಯ್ತು ಅನ್ನೋದನ್ನ ತಿಳಿಯಬೇಕಾದರೆ ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದ ಅರ್ಲ್ ವಾರೆನ್ ಅವರ ಕಥೆ ಕೇಳಬೇಕು. ಅಮೆರಿಕಾದ ಮುಖ್ಯ ನ್ಯಾಯಮೂರ್ತಿಯಾಗಿ ಜಗತ್ತಿಗೆಲ್ಲ ಹೆಸರಾದವರು ಅವರು. ಅದಕ್ಕೂ ಮುಂಚೆ ನಾಲ್ಕು ವರ್ಷ ಅವರು ರಾಜ್ಯದ ಅಟಾರ್ನಿ ಜನರಲ್ ಆಗಿದ್ದರು ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರ ಹೆಮ್ಮೆಯ ಕೆಲಸವೂ, ಕೊನೆಗಾಲದವರೆಗೆ ಕಾಡಿದ ತಪ್ಪೂ ಆ ನಾಲ್ಕು ವರ್ಷದಲ್ಲೇ ಇವೆ.

ಅಲ್ಲಿಯ ಹುದ್ದೆ, ಇಲ್ಲಿಯ ಹುದ್ದೆ

ಮೊದಲು ಹುದ್ದೆಯ ವಿಚಾರ. ನಮ್ಮಲ್ಲಿ ರಾಜ್ಯದ ದೊಡ್ಡ ವಕೀಲರಿಗೆ ಅಡ್ವೊಕೇಟ್ ಜನರಲ್ ಅಂತ ಹೆಸರು. ಸಂವಿಧಾನದ 165ನೇ ವಿಧಿಯ ಪ್ರಕಾರ, ಹೈಕೋರ್ಟ್ ನ್ಯಾಯಾಧೀಶರಾಗುವ ಅರ್ಹತೆ ಇರುವವರನ್ನ ರಾಜ್ಯಪಾಲರು ನೇಮಿಸ್ತಾರೆ. ಸರ್ಕಾರಕ್ಕೆ ಕಾನೂನು ಸಲಹೆ ಕೊಡೋದು, ವಹಿಸಿದ ಕಾನೂನು ಕೆಲಸ ಮಾಡೋದು ಅವರ ಹೊಣೆ. ವಿಧಾನಸಭೆಯಲ್ಲಿ ಎದ್ದು ಮಾತಾಡುವ ಹಕ್ಕೂ ಉಂಟು, ಮತ ಹಾಕುವ ಹಕ್ಕು ಮಾತ್ರ ಇಲ್ಲ. ಅದನ್ನ 177ನೇ ವಿಧಿ ಹೇಳುತ್ತೆ. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಇವರೂ ಬದಲಾಗ್ತಾರೆ.

ಅಮೆರಿಕಾದ ಲೆಕ್ಕ ಬೇರೆ. ಅಲ್ಲಿ 50 ರಾಜ್ಯ, ರಾಜ್ಯಕ್ಕೊಬ್ಬ ಅಟಾರ್ನಿ ಜನರಲ್. 43 ರಾಜ್ಯಗಳಲ್ಲಿ ಇವರನ್ನ ಜನ ನೇರವಾಗಿ ಓಟು ಹಾಕಿ ಆರಿಸ್ತಾರೆ. ಐದು ರಾಜ್ಯಗಳಲ್ಲಿ ಗವರ್ನರ್ ನೇಮಿಸ್ತಾರೆ, ಒಂದರಲ್ಲಿ ಶಾಸಕರು, ಇನ್ನೊಂದರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು. ಅಲ್ಲಿಯ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಅವರೂ ಚುನಾಯಿತರು. ಹೀಗಾಗಿ ಗವರ್ನರ್ ಒಂದು ಪಕ್ಷ, ಅಟಾರ್ನಿ ಜನರಲ್ ಎದುರು ಪಕ್ಷ ಆಗಿರೋದೂ ಉಂಟು. ಒಂದೇ ಮನೆಯಲ್ಲಿ ಎರಡು ಒಲೆ.

ಕೆಲಸವೂ ಸಣ್ಣದಲ್ಲ. ರಾಜ್ಯದ ಮೇಲೆ ಬಂದ ಕೇಸು ನಡೆಸಬೇಕು, ರಾಜ್ಯ ಹಾಕುವ ಕೇಸೂ ನಡೆಸಬೇಕು. ಇಲಾಖೆಗಳಿಗೆ ಲಿಖಿತ ಅಭಿಪ್ರಾಯ ಕೊಡಬೇಕು. ಕ್ರಿಮಿನಲ್ ಅಪೀಲುಗಳಲ್ಲಿ ಶಿಕ್ಷೆಯನ್ನ ಸಮರ್ಥಿಸಿಕೊಳ್ಳಬೇಕು. ಧರ್ಮಾರ್ಥ ಟ್ರಸ್ಟುಗಳ ದುಡ್ಡು ಯಾರದೋ ಜೇಬು ಸೇರದಂತೆ ಕಾಯಬೇಕು. ಗ್ರಾಹಕರಿಗೆ ಮೋಸವಾದರೆ ಜನರ ಹೆಸರಲ್ಲಿ ಕೋರ್ಟಿಗೆ ಹೋಗಬೇಕು. 1998ರಲ್ಲಿ 46 ರಾಜ್ಯಗಳ ಅಟಾರ್ನಿ ಜನರಲ್‌ಗಳು ಒಟ್ಟಾಗಿ ನಾಲ್ಕು ದೊಡ್ಡ ಸಿಗರೇಟು ಕಂಪನಿಗಳನ್ನ ಒಪ್ಪಂದಕ್ಕೆ ಎಳೆತಂದು, ರೋಗಿಗಳ ಆರೈಕೆಗೆ ಸರ್ಕಾರ ಮಾಡಿದ ಖರ್ಚಿನ ಲೆಕ್ಕದಲ್ಲಿ 200 ಶತಕೋಟಿ ಡಾಲರಿಗೂ ಮೀರಿದ ಹಣ ಒಪ್ಪಿಸಿಕೊಂಡರು. ಮನಸ್ಸು ಮಾಡಿದರೆ ಈ ಹುದ್ದೆಯ ಕೈ ಎಷ್ಟು ಉದ್ದ ಅನ್ನೋದಕ್ಕೆ ಅದೊಂದೇ ಸಾಕ್ಷಿ ಸಾಕು.

ಆದರೆ ವಾರೆನ್ ಕಾಲಕ್ಕೆ ಈ ಕೈ ಇನ್ನೂ ಇಷ್ಟು ಉದ್ದ ಬೆಳೆದಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದನ್ನ ಬೆಳೆಸಿದವರಲ್ಲಿ ಅವರೂ ಒಬ್ಬರು.

ರೈಲ್ವೆ ಕೆಲಸಗಾರನ ಮಗ

ಅರ್ಲ್ ವಾರೆನ್ ಹುಟ್ಟಿದ್ದು 1891ರ ಮಾರ್ಚ್ 19ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಮೆಥಿಯಾಸ್ ನಾರ್ವೆ ದೇಶದಿಂದ ಬಂದವರು, ತಾಯಿ ಸ್ವೀಡನ್ ಮೂಲದವರು. ಮನೆಯ ಬಡತನ ಎಂಥದ್ದು ಅಂದ್ರೆ, ಮಗನಿಗೆ ನಡುವಿನ ಹೆಸರೊಂದನ್ನ ಇಡೋದಕ್ಕೂ ಆಗ ಗತಿ ಇರಲಿಲ್ಲ ಅಂತ ತಂದೆ ತಮಾಷೆ ಮಾಡುತ್ತಿದ್ದರಂತೆ.

ತಂದೆ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯಲ್ಲಿ ಕೆಲಸಕ್ಕಿದ್ದರು. 1894ರ ದೊಡ್ಡ ರೈಲ್ವೆ ಮುಷ್ಕರದಲ್ಲಿ ಸೇರಿಕೊಂಡರು, ಕೆಲಸ ಹೋಯಿತು, ಹೆಸರು ಕಪ್ಪುಪಟ್ಟಿಗೆ ಬಿತ್ತು. ಮತ್ತೆ ಕೆಲಸ ಸಿಕ್ಕಿದ್ದು ದೂರದ ಬೇಕರ್ಸ್‌ಫೀಲ್ಡ್ ಎಂಬ ಬಿಸಿಲೂರಿನಲ್ಲಿ. ಎಣ್ಣೆಬಾವಿ, ರೈಲು, ಸಾರಾಯಿ ಅಂಗಡಿ, ಜೂಜಿನ ಕಟ್ಟೆ, ಇದೇ ಆ ಊರು.

ಹುಡುಗ ಅರ್ಲ್ ಬೇಸಗೆ ರಜೆಯಲ್ಲಿ ಅದೇ ರೈಲ್ವೆಯಲ್ಲಿ ದುಡಿದ. ಗಾಡಿ ಹೊರಡುವ ಮುಂಚೆ ಡ್ರೈವರು, ಫೈರ್‌ಮನ್ನು ಎಲ್ಲಿದ್ದಾರೋ ಹುಡುಕಿ, ಎಬ್ಬಿಸಿ, ಡ್ಯೂಟಿಗೆ ಕರೆತರೋ ಕೆಲಸ. ಮನೆಯಲ್ಲಿ ಸಿಗದಿದ್ದರೆ ಜೂಜುಕಟ್ಟೆಯಲ್ಲಿ ಸಿಗುತ್ತಿದ್ದರು. ತಿಂಗಳ ಸಂಬಳ ಒಂದೇ ರಾತ್ರಿ ಮೇಜಿನ ಮೇಲೆ ಕಳೆದು ಬರಿಗೈಲಿ ಮನೆಗೆ ಹೋಗೋರನ್ನ ಅವನು ಕಣ್ಣಾರೆ ಕಂಡ. ಗಾಲಿಗೆ ಸಿಕ್ಕಿ ಕಾಲು ಕಳೆದುಕೊಂಡವರಿಗೆ ಕಂಪನಿ ಬಿಡಿಗಾಸು ಕೊಡದೆ ಕಳಿಸೋದನ್ನೂ ಕಂಡ. ಹುಡುಗನಾಗಿದ್ದಾಗ ಕಂಡ ಈ ಎರಡೂ ಮುಂದೆ ದೊಡ್ಡವರಾದ ಮೇಲೂ ಅವರನ್ನ ಬಿಡಲಿಲ್ಲ.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿ 1914ರಲ್ಲಿ ಲಾ ಮುಗಿಸಿದರು. ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ ಬಂದರು. 1920ರಲ್ಲಿ ಓಕ್‌ಲ್ಯಾಂಡ್ ನಗರ ಇರುವ ಅಲಮೀಡಾ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆ ಅಂತಿಟ್ಟುಕೊಳ್ಳಿ, ಸರ್ಕಾರಿ ವಕೀಲರ ಕಚೇರಿಯಲ್ಲಿ ಕಿರಿಯ ವಕೀಲರಾದರು. 1925ರಲ್ಲಿ ಅದೇ ಜಿಲ್ಲೆಗೆ ಮುಖ್ಯ ಸರ್ಕಾರಿ ವಕೀಲರು. ಆಮೇಲೆ ಮೂರು ಸಲ ಚುನಾವಣೆ ಗೆದ್ದು ಆ ಕುರ್ಚಿಯಲ್ಲಿ ಒಟ್ಟು ಸುಮಾರು ಹದಿನಾಲ್ಕು ವರ್ಷ ಕೂತರು.

ಅಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸವೇ ಪಕ್ಕದ ಕುರ್ಚಿಯವನನ್ನ ಹಿಡಿದದ್ದು. ಜಿಲ್ಲೆಯ ಪೊಲೀಸ್ ಮುಖ್ಯಸ್ಥನಾದ ಷೆರೀಫನೇ ಜೂಜಿನವರಿಂದ, ಕಳ್ಳಬಟ್ಟಿಯವರಿಂದ ಮಾಮೂಲು ತಿನ್ನುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯೋ ಕಥೆ. ವಾರೆನ್ ಸಾಕ್ಷಿ ಕಲೆಹಾಕಿ, ಖಟ್ಲೆ ಹೂಡಿ, 1930ರ ಸುಮಾರಿಗೆ ಅವನನ್ನ ಜೈಲಿಗೆ ಕಳಿಸಿದರು. 1931ರಲ್ಲಿ ದೇಶದ ಸರ್ಕಾರಿ ವಕೀಲರ ಬಗ್ಗೆ ನಡೆದ ಒಂದು ಸಮೀಕ್ಷೆ ಇವರನ್ನ ದೇಶದಲ್ಲೇ ಉತ್ತಮರೆಂದು ಹೇಳಿತು.

ಹುದ್ದೆಗೆ ಹಲ್ಲು ಬಂದದ್ದು

ಜಿಲ್ಲೆಯಲ್ಲಿ ಕೂತು ಕೆಲಸ ಮಾಡುವಾಗ ವಾರೆನ್‌ಗೆ ಒಂದು ಸಂಗತಿ ಚುಚ್ಚುತ್ತಿತ್ತು. ಒಂದು ಜಿಲ್ಲೆಯಲ್ಲಿ ಜೂಜು ಮುಚ್ಚಿಸಿದರೆ ಅದೇ ಗಿರಾಕಿ ಗಡಿ ದಾಟಿ ಪಕ್ಕದ ಜಿಲ್ಲೆಯಲ್ಲಿ ಅಂಗಡಿ ತೆರೀತಾನೆ. ಅಲ್ಲಿಯ ಷೆರೀಫು ಕಣ್ಣುಮುಚ್ಚಿದರೆ ಕೇಳೋರಿಲ್ಲ. ಕಾನೂನು ಒಂದೇ, ಆದರೆ ಊರಿಗೊಂದು ಅಳತೆ. ರಾಜ್ಯದ ಅಟಾರ್ನಿ ಜನರಲ್‌ಗೆ ಹೆಸರು ದೊಡ್ಡದು, ಕೈಯಲ್ಲಿ ಅಧಿಕಾರ ಸಣ್ಣದು. 1902ರಿಂದ ಒಬ್ಬರೇ ಆ ಹುದ್ದೆಯಲ್ಲಿ ಮುಂದುವರಿದಿದ್ದರು.

1934ರಲ್ಲಿ ಸಂವಿಧಾನ ತಿದ್ದುಪಡಿಯೊಂದು ಜನರ ಮತಕ್ಕೆ ಬಂತು. ಅದರ ಹಿಂದೆ ನಿಂತು ದುಡಿದವರಲ್ಲಿ ವಾರೆನ್ ಮುಖ್ಯರು. ಜನ ಒಪ್ಪಿದರು. ಅಂದಿನಿಂದ ಅಟಾರ್ನಿ ಜನರಲ್ ರಾಜ್ಯದ ಮುಖ್ಯ ಕಾನೂನು ಅಧಿಕಾರಿ. ರಾಜ್ಯದ ಕಾನೂನು ಎಲ್ಲ ಕಡೆ ಒಂದೇ ಸಮ ಜಾರಿಯಾಗುವಂತೆ ನೋಡೋದು ಅವರ ಕರ್ತವ್ಯ. ಪ್ರತಿ ಜಿಲ್ಲೆಯ ಸರ್ಕಾರಿ ವಕೀಲನ ಮೇಲೂ, ಷೆರೀಫನ ಮೇಲೂ ಅವರದೇ ಮೇಲ್ವಿಚಾರಣೆ. ಎಲ್ಲಾದರೂ ಕಾನೂನು ಸರಿಯಾಗಿ ಜಾರಿಯಾಗ್ತಿಲ್ಲ ಅಂತ ಕಂಡರೆ ತಾವೇ ಆ ಜಿಲ್ಲೆಗೆ ನುಗ್ಗಿ ಖಟ್ಲೆ ನಡೆಸಬಹುದು. ಸಂಬಳವೂ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಸಂಬಳದ ಸಮಕ್ಕೆ ಏರಿತು.

ಹುದ್ದೆಗೆ ಹಲ್ಲು ಬಂತು. ಹಲ್ಲು ಕಚ್ಚೋದಕ್ಕೂ ಆಗುತ್ತೆ, ಅಗಿಯೋದಕ್ಕೂ ಆಗುತ್ತೆ. ಅದು ಗೊತ್ತಾಗಿದ್ದು ಆಮೇಲೆ.

ಮನೆಯಲ್ಲೇ ಕೊಲೆ

1938ರಲ್ಲಿ ಹಳೆಯ ಅಟಾರ್ನಿ ಜನರಲ್ ನಿವೃತ್ತಿಗೆ ಸಿದ್ಧರಾದರು. ವಾರೆನ್ ಚುನಾವಣೆಗೆ ನಿಂತರು. ಪ್ರಚಾರ ನಡೆದಿರುವಾಗಲೇ, ಮೇ ತಿಂಗಳಲ್ಲಿ, ಬೇಕರ್ಸ್‌ಫೀಲ್ಡ್‌ನಿಂದ ಸುದ್ದಿ ಬಂತು. ಒಬ್ಬರೇ ವಾಸವಾಗಿದ್ದ ತಂದೆ ಮೆಥಿಯಾಸ್‌ರನ್ನ ರಾತ್ರಿ ಯಾರೋ ಕಬ್ಬಿಣದ ಪೈಪಿನಿಂದ ಹೊಡೆದು ಕೊಂದಿದ್ದರು.

ಮುದುಕರು ಪೈಸೆಪೈಸೆ ಉಳಿಸಿ ಊರಲ್ಲಿ ಒಂದಷ್ಟು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ದುಡ್ಡಿನ ಆಸೆಗೆ ಕೊಂದರೋ, ಬಾಡಿಗೆ ಜಗಳವೋ, ಹಗೆಯೋ, ಯಾವುದೂ ಬಗೆಹರಿಯಲಿಲ್ಲ. ರಾಜ್ಯದ ದೊಡ್ಡ ಸರ್ಕಾರಿ ವಕೀಲರ ಸ್ವಂತ ತಂದೆಯ ಕೊಲೆಗಾರ ಕೊನೆಗೂ ಸಿಗಲೇ ಇಲ್ಲ. ನೊಂದವರ ಮನೆಯವರು ಕೋರ್ಟಿನ ಬೆಂಚಿನ ಮೇಲೆ ಯಾಕೆ ಹಾಗೆ ಸುಮ್ಮನೆ ಕೂತಿರ್ತಾರೆ ಅನ್ನೋದನ್ನ ವಾರೆನ್‌ಗೆ ಇನ್ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚುನಾವಣೆ ಗೆದ್ದರು. ಅಲ್ಲಿ ಆಗ ಒಬ್ಬನೇ ಅಭ್ಯರ್ಥಿ ಹಲವು ಪಕ್ಷಗಳ ಟಿಕೆಟ್ ಕೇಳಬಹುದಿತ್ತು. ವಾರೆನ್ ಸ್ವತಃ ರಿಪಬ್ಲಿಕನ್ ಪಕ್ಷದವರಾದರೂ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟನ್ನೂ ಗೆದ್ದುಕೊಂಡರು. 1939ರ ಜನವರಿಯಲ್ಲಿ ಅಧಿಕಾರ ಹಿಡಿದರು. ಕೂತ ಕೂಡಲೇ ಕೈಗೆ ಬಂದದ್ದು ಕ್ಷಮಾದಾನ ಮಾರಾಟದ ಪ್ರಕರಣ. ಆಗಷ್ಟೇ ಇಳಿದಿದ್ದ ಗವರ್ನರ್ ಅವರ ಖಾಸಗಿ ಕಾರ್ಯದರ್ಶಿ ಜೈಲಿನಲ್ಲಿದ್ದವರಿಗೆ ಕ್ಷಮೆ ಕೊಡಿಸಲು ದುಡ್ಡು ತಿಂದಿದ್ದ. ಆ ಗವರ್ನರೂ ವಾರೆನ್ ಅವರ ಪಕ್ಷದವರೇ. ವಾರೆನ್ ಪಕ್ಷ ನೋಡಲಿಲ್ಲ, ಖಟ್ಲೆ ಹೂಡಿದರು, ಶಿಕ್ಷೆಯಾಯಿತು.

ಸಮುದ್ರದ ಮೇಲಿನ ಜೂಜು

ಆಮೇಲೆ ಬಂದದ್ದು ಜೂಜಿನ ಹಡಗುಗಳು. ಇದು ಸಿನಿಮಾ ಕಥೆಗೆ ಕಮ್ಮಿಯಿಲ್ಲ.

ಲಾಸ್ ಏಂಜಲೀಸ್ ಪಕ್ಕದ ಕಡಲಲ್ಲಿ, ದಡದಿಂದ ಮೂರು ಮೈಲಿಗೂ ಆಚೆ, ನಾಲ್ಕು ಹಡಗುಗಳು ಲಂಗರು ಹಾಕಿದ್ದವು. ದೊಡ್ಡದರ ಹೆಸರು ರೆಕ್ಸ್. ಪೇಪರಿನಲ್ಲಿ ರಾಜಾರೋಷವಾಗಿ ಜಾಹೀರಾತು. ದಡದಿಂದ ಹಗಲೂರಾತ್ರಿ ದೋಣಿ ಸರ್ವೀಸು. ಒಳಗೆ ಇಸ್ಪೀಟು, ದಾಳ, ಕಾಸು ನುಂಗುವ ಯಂತ್ರಗಳು. ಮಾಲೀಕ ಟೋನಿ ಕೊರ್ನೆರೊ, ಹಿಂದೆ ಕಳ್ಳಸಾರಾಯಿ ಸಾಗಿಸಿ ಜೈಲು ನೋಡಿ ಬಂದವನು. ಅವನ ವಾದ ಸರಳ. ರಾಜ್ಯದ ಕಾನೂನು ದಡದಿಂದ ಮೂರು ಮೈಲಿವರೆಗೆ ಮಾತ್ರ, ಅದರಾಚೆ ಯಾರಪ್ಪನ ಗಂಟು?

ಜೂಜಾಡುವ ಗುಮಾಸ್ತನೂ ಕೂಲಿಯವನೂ ಸಂಬಳ ಕಳಕೊಂಡು ಬೆಳಗಿನ ಜಾವ ದೋಣಿ ಇಳಿದು ಮನೆಗೆ ಹೋಗುತ್ತಿದ್ದರು. ಬೇಕರ್ಸ್‌ಫೀಲ್ಡ್‌ನ ಹುಡುಗ ನೋಡಿದ್ದ ಅದೇ ದೃಶ್ಯ.

ವಾರೆನ್ ಎರಡು ಕಾನೂನು ಅಸ್ತ್ರ ಹಿಡಿದರು. ಒಂದು, ಜೂಜಿನ ಹಡಗು ಸಾರ್ವಜನಿಕರಿಗೆ ಉಪದ್ರವ, ಉಪದ್ರವ ಎಲ್ಲಿದ್ದರೂ ತೆಗೆಸುವ ಅಧಿಕಾರ ರಾಜ್ಯಕ್ಕಿದೆ ಅನ್ನೋದು. ಎರಡು, ಕೊಲ್ಲಿಯಲ್ಲಿ ಮೂರು ಮೈಲಿಯನ್ನ ಒಳಗಿನ ದಡದಿಂದ ಅಳೆಯಬಾರದು, ಕೊಲ್ಲಿಯ ಎರಡು ತುದಿ ಸೇರಿಸಿ ಗೆರೆ ಎಳೆದು ಅಲ್ಲಿಂದ ಅಳೆಯಬೇಕು ಅನ್ನೋದು. ಹಾಗೆ ಅಳೆದರೆ ಹಡಗು ರಾಜ್ಯದ ನೀರಿನಲ್ಲೇ ಇದ್ದ ಹಾಗೆ.

1939ರ ಆಗಸ್ಟಿನಲ್ಲಿ ದಾಳಿ ನಡೆಯಿತು. ಮೂರು ಹಡಗು ಸುಲಭಕ್ಕೆ ಶರಣಾದವು. ರೆಕ್ಸ್ ಮಾತ್ರ ಬಗ್ಗಲಿಲ್ಲ. ಹತ್ತಲು ಬಂದ ಅಧಿಕಾರಿಗಳ ಮೇಲೆ ಕೊರ್ನೆರೊ ಕಡೆಯವರು ಬೆಂಕಿ ಆರಿಸುವ ಪೈಪಿನಿಂದ ನೀರು ಬಿಟ್ಟರು. ವಾರೆನ್ ಗುಂಡು ಹಾರಿಸಲು ಹೇಳಲಿಲ್ಲ, ಸುತ್ತ ದೋಣಿ ನಿಲ್ಲಿಸಿ ಕಾಯಲು ಹೇಳಿದರು. ಎಂಟು-ಒಂಬತ್ತು ದಿನವಾದ ಮೇಲೆ ಕೊರ್ನೆರೊ ತಾನಾಗಿಯೇ ಇಳಿದ. ನವೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕೊಲ್ಲಿಯ ಗೆರೆಯ ವಿಚಾರದಲ್ಲಿ ಅಟಾರ್ನಿ ಜನರಲ್ ವಾದವನ್ನೇ ಎತ್ತಿಹಿಡಿಯಿತು. ಜೂಜಿನ ಯಂತ್ರಗಳು ಸಮುದ್ರದ ಪಾಲಾದವು.

ಜನ ಚಪ್ಪಾಳೆ ತಟ್ಟಿದರು. 1934ರಲ್ಲಿ ಬಂದ ಅಧಿಕಾರ ಸಾರ್ಥಕವಾಯ್ತು ಅಂತ ಎಲ್ಲರಿಗೂ ಅನ್ನಿಸಿತು.

ಇಷ್ಟರ ನಡುವೆ ಗವರ್ನರ್ ಕುರ್ಚಿಗೆ ಬಂದಿದ್ದ ಡೆಮಾಕ್ರಟಿಕ್ ಪಕ್ಷದ ಕಲ್ಬರ್ಟ್ ಓಲ್ಸನ್‌ಗೂ ವಾರೆನ್‌ಗೂ ಹಾವು-ಮುಂಗುಸಿ. 1940ರಲ್ಲಿ ಗವರ್ನರ್ ಒಬ್ಬ ಕಾನೂನು ಪ್ರಾಧ್ಯಾಪಕರನ್ನ ರಾಜ್ಯದ ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಅಂಥ ನೇಮಕ ಪರಿಶೀಲಿಸುವ ಮೂವರ ಸಮಿತಿಯಲ್ಲಿ ಅಟಾರ್ನಿ ಜನರಲ್‌ಗೂ ಒಂದು ಸ್ಥಾನವಿತ್ತು. ಆ ನೇಮಕ ಅಲ್ಲೇ ಬಿದ್ದುಹೋಯಿತು. ಜನರ ಓಟಿನಿಂದ ಬಂದ ಇಬ್ಬರು, ಒಬ್ಬರಿಗೊಬ್ಬರು ಆಳಲ್ಲ. ಇದರ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಅಟಾರ್ನಿ ಜನರಲ್ ಗವರ್ನರಿಗೆ ಹೆದರಬೇಕಿಲ್ಲ. ಆದರೆ ಮುಂದಿನ ಓಟಿಗೆ ಹೆದರುವುದು ತಪ್ಪಲಿಲ್ಲ.

1942ರ ಫೆಬ್ರುವರಿ

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಪೆಸಿಫಿಕ್ ತೀರದ ಜನಕ್ಕೆ ಭಯ ಹಿಡಿಯಿತು. ಇವತ್ತು ರಾತ್ರಿ ಬರ್ತಾರೆ, ನಾಳೆ ಬರ್ತಾರೆ ಅಂತ ಗಾಳಿಮಾತು.

ಕ್ಯಾಲಿಫೋರ್ನಿಯಾದಲ್ಲಿ ಆಗ ಜಪಾನಿ ಮೂಲದವರು 90 ಸಾವಿರಕ್ಕೂ ಹೆಚ್ಚು. ತರಕಾರಿ, ಸ್ಟ್ರಾಬೆರಿ ಬೆಳೆಯುವ ಒಕ್ಕಲು, ಹೂವಿನ ವ್ಯಾಪಾರಿ, ಕಿರಾಣಿ ಅಂಗಡಿಯವ, ಮೀನುಗಾರ. ಅಲ್ಲೇ ಹುಟ್ಟಿದ ಮಕ್ಕಳು ಅಮೆರಿಕಾ ಪ್ರಜೆಗಳು. ಹಿರಿಯರಿಗೆ ಮಾತ್ರ ಪೌರತ್ವ ಕೊಡುವ ಕಾನೂನೇ ಇರಲಿಲ್ಲ. 1913ರ ರಾಜ್ಯದ ಕಾನೂನು ಅವರು ಜಮೀನು ಕೊಳ್ಳೋದನ್ನೂ ತಡೆದಿತ್ತು. ಅವರನ್ನ ಓಡಿಸಿದರೆ ಮಾರುಕಟ್ಟೆ ತಮ್ಮದಾಗುತ್ತೆ ಅಂತ ಕಾದು ಕೂತ ಬೆಳೆಗಾರರ ಸಂಘಗಳೂ ಇದ್ದವು. ಏಷ್ಯಾದವರನ್ನ ಹೊರಗಿಡಬೇಕೆಂದು ಹಿಂದಿನಿಂದ ಕೂಗುತ್ತಿದ್ದ ಒಂದು ಸಂಘಕ್ಕೆ ವಾರೆನ್ ಕೂಡ ಸದಸ್ಯರಾಗಿದ್ದರು.

ಇಲ್ಲಿ ಒಂದು ಸಂಗತಿಯನ್ನ ಮರೆಯಬಾರದು. 1942ರ ಮೊದಲಲ್ಲಿ ರಾಜ್ಯದ ನೌಕರಿ ಮಂಡಳಿ ಜಪಾನಿ ಮೂಲದ ಪ್ರಜೆಗಳನ್ನ ಸರ್ಕಾರಿ ಕೆಲಸದಿಂದ ದೂರ ಇಡಲು ಹೊರಟಾಗ, ಪೌರರನ್ನ ಹುಟ್ಟಿನ ಮೇಲೆ ಬೇರೆ ಮಾಡುವುದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟದ್ದು ಇದೇ ವಾರೆನ್. ಅಂದರೆ ಕಾನೂನು ಏನು ಹೇಳುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಗೊತ್ತಿದ್ದೂ ಜಾರಿದರು. ಫೆಬ್ರುವರಿ ಮೊದಲ ವಾರದಲ್ಲಿ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಷೆರೀಫರನ್ನೂ ಸಭೆ ಕರೆದರು. ಜಪಾನಿಯರ ಜಮೀನು ಎಲ್ಲೆಲ್ಲಿದೆ, ನಕ್ಷೆ ಮಾಡಿ ಕಳಿಸಿ ಅಂತ ಸೂಚನೆ ಹೋಯಿತು. ಕಳ್ಳ ಷೆರೀಫರನ್ನ ಹತೋಟಿಗೆ ತರಲು ಅಂತ 1934ರಲ್ಲಿ ಕಟ್ಟಿದ ಅದೇ ಸರಪಳಿ ಈಗ ಹೊಲದ ಬದುಗಳನ್ನ ಎಣಿಸತೊಡಗಿತು. ನಕ್ಷೆಗಳು ಬಂದವು. ವಿಮಾನ ನಿಲ್ದಾಣದ ಪಕ್ಕ ಜಪಾನಿ ಜಮೀನು, ವಿದ್ಯುತ್ ಲೈನಿನ ಕೆಳಗೆ ಜಪಾನಿ ಜಮೀನು. ಇದೇ ಸಂಚಿನ ಗುರುತು ಅಂತ ವಾದ ಹುಟ್ಟಿತು. ಅನೇಕ ಕಡೆ ಹೊಲ ಮೊದಲು ಬಂತು, ವಿಮಾನ ನಿಲ್ದಾಣ ಆಮೇಲೆ ಬಂತು ಅನ್ನೋದನ್ನ ಯಾರೂ ಕೇಳಲಿಲ್ಲ. ಲೈನಿನ ಕೆಳಗಿನ ಜಮೀನು ಬೇರೆಯವರಿಗೆ ಬೇಡವಾದ್ದರಿಂದ ಬಡವರ ಪಾಲಿಗೆ ಬಂದದ್ದು ಅನ್ನೋದನ್ನೂ ಕೇಳಲಿಲ್ಲ.

ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆಜ್ಞೆಗೆ ಸಹಿ ಹಾಕಿದರು. ಎರಡು ದಿನವಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ ವಾರೆನ್ ನಕ್ಷೆಗಳ ಸಮೇತ ಸಾಕ್ಷಿ ನುಡಿದರು. ಆ ತನಕ ಜಪಾನಿ ಮೂಲದವರಿಂದ ಒಂದೂ ವಿಧ್ವಂಸಕ ಕೃತ್ಯ ನಡೆದಿರಲಿಲ್ಲ. ನಡೆಯದೇ ಇರೋದೇ ಅನುಮಾನಕ್ಕೆ ಕಾರಣ, ಒಳಗೊಳಗೇ ಹೊಂಚು ಹಾಕಿದ್ದಾರೆ ಅನ್ನುವ ಅರ್ಥದಲ್ಲಿ ಅವರ ವಾದ ಸಾಗಿತು. ಸುಮಾರು ಹದಿನಾಲ್ಕು ವರ್ಷ ಸಾಕ್ಷಿ-ಪುರಾವೆ ಅಂತ ಕೋರ್ಟಿನಲ್ಲಿ ದುಡಿದ ಮನುಷ್ಯ, ಪುರಾವೆ ಇಲ್ಲದ್ದನ್ನೇ ಪುರಾವೆ ಮಾಡಿಕೊಂಡರು. ಕೇಂದ್ರದ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡಲ್ ಈ ಸಾಮೂಹಿಕ ಎತ್ತಂಗಡಿಗೆ ಮೊದಲು ವಿರೋಧ ಹೇಳಿದ್ದರು. ಕೊನೆಗೆ ಅವರೂ ಸುಮ್ಮನಾದರು.

ವಿದ್ಯುತ್ ಕಂಬಗಳ ಮೇಲೆ ನೋಟೀಸು ಅಂಟಿಸಿದರು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ. ಅಂಗಡಿಯವರು ಮಳಿಗೆಯ ಸರಕನ್ನ ಸಿಕ್ಕಿದ ಬೆಲೆಗೆ ಮಾರಿದರು. ಕೆಲವೇ ದಿನದಲ್ಲಿ ಹೊರಡಬೇಕಾದವನ ಕೈಲಿ ಚೌಕಾಸಿ ಎಲ್ಲಿಂದ ಬರಬೇಕು? ಕುದುರೆ ರೇಸಿನ ಮೈದಾನದ ಲಾಯಗಳಲ್ಲಿ ಸಂಸಾರಗಳನ್ನ ಇಳಿಸಿದರು. ಆಮೇಲೆ ಮರುಭೂಮಿಯ, ಜೌಗಿನ ಶಿಬಿರಗಳಿಗೆ ಸಾಗಿಸಿದರು. ಒಟ್ಟು 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನ. ಮೂರರಲ್ಲಿ ಎರಡು ಪಾಲು ಅಮೆರಿಕಾ ಪ್ರಜೆಗಳು. ಅದರಲ್ಲಿ ಸಾವಿರಾರು ಶಾಲಾಮಕ್ಕಳು.

ಅವರೂ ಕ್ಯಾಲಿಫೋರ್ನಿಯಾದ ಜನರೇ. ಅವರಿಗೂ ವಾರೆನ್ನೇ ಅಟಾರ್ನಿ ಜನರಲ್. ಅಂದು ಅವರ ಪರ ಎದ್ದು ನಿಲ್ಲಬೇಕಿದ್ದ ವಕೀಲ ಎದುರು ಸಾಲಿನಲ್ಲಿ ನಿಂತಿದ್ದರು.

ಅದೇ ವರ್ಷ ನವೆಂಬರಿನಲ್ಲಿ ವಾರೆನ್ ಓಲ್ಸನ್‌ರನ್ನ ಸೋಲಿಸಿ ಗವರ್ನರ್ ಆದರು.

ದೊಡ್ಡ ಕುರ್ಚಿ, ಹಳೆಯ ಗಾಯ

ಮೂರು ಸಲ ಗವರ್ನರ್ ಆದರು. ಯುದ್ಧದ ಕೊನೆಗಾಲದಲ್ಲಿ ಜಪಾನಿ ಮೂಲದವರು ಮನೆಗೆ ಮರಳಬಹುದು ಅಂತ ಕೇಂದ್ರ ಹೇಳಿದಾಗ, ಹಿಂದೆ ಅದನ್ನೇ ವಿರೋಧಿಸಿದ್ದ ವಾರೆನ್ ಈ ಸಲ ಬಂದವರ ಹಕ್ಕಿಗೆ ಧಕ್ಕೆಯಾಗಬಾರದೆಂದು ಜನರನ್ನ ಕೇಳಿಕೊಂಡರು. 1947ರಲ್ಲಿ ಶಾಲೆಗಳಲ್ಲಿ ಜನಾಂಗ ನೋಡಿ ಮಕ್ಕಳನ್ನ ಬೇರೆ ಕೂರಿಸಲು ಅವಕಾಶ ಕೊಟ್ಟಿದ್ದ ರಾಜ್ಯದ ಕಾನೂನನ್ನ ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನ ಅಮೆರಿಕಾದ ಮುಖ್ಯ ನ್ಯಾಯಮೂರ್ತಿ ಮಾಡಿದರು. 1954ರ ಮೇ 17ರಂದು ಬಂತು ಬ್ರೌನ್ ಪ್ರಕರಣದ ತೀರ್ಪು. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಅನ್ನುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ. ಒಂಬತ್ತು ನ್ಯಾಯಮೂರ್ತಿಗಳದೂ ಒಂದೇ ಮಾತು, ಬರೆದವರು ವಾರೆನ್. ಈ ಪದ್ಧತಿ ಇದ್ದ ರಾಜ್ಯಗಳ ಪರ ವಾದಿಸಲು ಆಯಾ ಅಟಾರ್ನಿ ಜನರಲ್ ಕಚೇರಿಗಳು ನಿಂತಿದ್ದವು. ತೀರ್ಪನ್ನ ಜಾರಿ ಮಾಡೋದು ಹೇಗೆ ಅಂತ ಬಂದು ಹೇಳಿ ಎಂದು ಕೋರ್ಟು ಅಂಥ ರಾಜ್ಯಗಳ ಅಟಾರ್ನಿ ಜನರಲ್‌ಗಳಿಗೇ ಕರೆ ಕೊಟ್ಟಿತು. ಆ ಕುರ್ಚಿಯ ಕಷ್ಟ, ಓಟಿನ ಭಯ, ಎರಡನ್ನೂ ಉಂಡವರು ಎದುರಿನ ಪೀಠದಲ್ಲಿ ಕೂತಿದ್ದರು.

ದಕ್ಷಿಣದ ರಾಜ್ಯಗಳಲ್ಲಿ ಸಿಟ್ಟು ಉರಿಯಿತು. ವಾರೆನ್‌ರನ್ನ ಪದಚ್ಯುತಗೊಳಿಸಿ ಅಂತ ರಸ್ತೆ ಬದಿಗೆ ದೊಡ್ಡ ದೊಡ್ಡ ಬೋರ್ಡು ಎದ್ದವು. ಈ ಸಲ ಅವರು ಕೂಗಿಗೆ ಜಗ್ಗಲಿಲ್ಲ.

ಪೆನ್ಸಿಲಿನ ಅರ್ಜಿ

1962ರಲ್ಲಿ ಫ್ಲಾರಿಡಾದ ಜೈಲಿನಿಂದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವ ಪೆನ್ಸಿಲಿನಲ್ಲಿ ಬರೆದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಒಂದು ಜೂಜುಕಟ್ಟೆಯಂಥ ಜಾಗಕ್ಕೆ ನುಗ್ಗಿ ಚಿಲ್ಲರೆ ಕದ್ದ ಆರೋಪ ಅವನ ಮೇಲೆ. ವಕೀಲನನ್ನ ಇಟ್ಟುಕೊಳ್ಳಲು ದುಡ್ಡಿಲ್ಲ, ಸರ್ಕಾರ ಕೊಡಲಿಲ್ಲ, ಐದು ವರ್ಷ ಶಿಕ್ಷೆ.

ಫ್ಲಾರಿಡಾದ ಅಟಾರ್ನಿ ಜನರಲ್ ಕಚೇರಿ ಬೇರೆ ರಾಜ್ಯಗಳಿಗೆ ಪತ್ರ ಬರೆದು ಬೆಂಬಲ ಕೇಳಿತು. ಆದದ್ದೇ ಬೇರೆ. ಎರಡೇ ರಾಜ್ಯ ಬೆಂಬಲಕ್ಕೆ ಬಂದವು. ಮಿನೆಸೋಟಾದ ಅಟಾರ್ನಿ ಜನರಲ್ ವಾಲ್ಟರ್ ಮಾಂಡೇಲ್ ಮುಂತಾದವರು ಮುಂದಾಗಿ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಅಟಾರ್ನಿ ಜನರಲ್‌ಗಳು ಕೈದಿಯ ಪರವಾಗಿ ಕೋರ್ಟಿಗೆ ಬರೆದುಕೊಟ್ಟರು. ಬಡವನಿಗೆ ವಕೀಲ ಇಲ್ಲದಿದ್ದರೆ ಗೆದ್ದ ಖಟ್ಲೆಗೂ ಮರ್ಯಾದೆ ಇಲ್ಲ ಅನ್ನೋದು ಅವರ ನಿಲುವು. 1963ರ ಮಾರ್ಚಿನಲ್ಲಿ ವಾರೆನ್ ಅವರ ಕೋರ್ಟು ಒಮ್ಮತದಿಂದ ಗಿಡಿಯನ್ ಪರ ತೀರ್ಪಿತ್ತಿತು. ಮರುವಿಚಾರಣೆಯಲ್ಲಿ ವಕೀಲ ಸಿಕ್ಕ, ಗಿಡಿಯನ್ ನಿರಪರಾಧಿ ಎಂದು ಬಿಡುಗಡೆಯಾದ.

1966ರಲ್ಲಿ ಮಿರಾಂಡಾ ತೀರ್ಪನ್ನ ವಾರೆನ್ನೇ ಬರೆದರು. ಪೊಲೀಸು ಹಿಡಿದವನಿಗೆ ಸುಮ್ಮನಿರುವ ಹಕ್ಕಿದೆ, ವಕೀಲನ ಹಕ್ಕಿದೆ ಅಂತ ಮೊದಲೇ ಹೇಳಬೇಕು. ಇಂಗ್ಲಿಷ್ ಸಿನಿಮಾದಲ್ಲಿ ಪೊಲೀಸಿನವರು ಕೋಳ ಹಾಕುತ್ತಾ ಗಡಗಡ ಹೇಳ್ತಾರಲ್ಲ, ಅದು ಬಂದದ್ದು ಇಲ್ಲಿಂದ. ಜನ್ಮವಿಡೀ ಅಪರಾಧಿಗಳನ್ನ ಜೈಲಿಗೆ ಕಳಿಸಿದವರ ಕೈಯಿಂದ ಬಂದದ್ದರಿಂದಲೇ ಅದಕ್ಕೆ ಹೆಚ್ಚು ತೂಕ.

ಕೊನೆಯ ಲೆಕ್ಕ

1969ರಲ್ಲಿ ನಿವೃತ್ತರಾದರು. 1974ರ ಜುಲೈ 9ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು, ವಯಸ್ಸು 83. ಮೂರು ವರ್ಷದ ನಂತರ, 1977ರಲ್ಲಿ, ಅವರ ಆತ್ಮಕಥೆ ಅಚ್ಚಾಗಿ ಬಂತು. ಬದುಕಿದ್ದಾಗ ಎಷ್ಟೋ ಜನ ಒತ್ತಾಯಿಸಿದರೂ ಬಹಿರಂಗವಾಗಿ ಹೇಳದ ಮಾತು ಅದರಲ್ಲಿತ್ತು. ಜಪಾನಿ ಮೂಲದವರ ಎತ್ತಂಗಡಿ ತಪ್ಪು, ಅದರಲ್ಲಿ ತನ್ನ ಪಾಲಿಗೆ ತನಗೆ ಆಳವಾದ ಪಶ್ಚಾತ್ತಾಪವಿದೆ, ಮನೆ-ಶಾಲೆ-ಗೆಳೆಯರಿಂದ ಕಿತ್ತು ಒಯ್ದ ಆ ಎಳೆಯ ಮಕ್ಕಳ ನೆನಪಾದರೆ ಮನಸ್ಸಾಕ್ಷಿ ಚುಚ್ಚುತ್ತೆ ಅನ್ನುವ ಅರ್ಥದ ಒಪ್ಪಿಗೆ.

ಅಮೆರಿಕಾ ಸರ್ಕಾರದ ಒಪ್ಪಿಗೆ ಬಂದದ್ದು ಇನ್ನೂ ತಡವಾಗಿ. ಸರ್ಕಾರವೇ ನೇಮಿಸಿದ ಆಯೋಗ, ಆ ಎತ್ತಂಗಡಿಗೆ ಸೈನ್ಯದ ಅಗತ್ಯ ಕಾರಣವಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ, ನಾಯಕರ ಸೋಲು ಕಾರಣ ಅಂತ ತೀರ್ಮಾನಿಸಿತು. 1988ರ ಆಗಸ್ಟಿನಲ್ಲಿ ಕಾನೂನು ಬಂತು. ಸರ್ಕಾರ ಕ್ಷಮೆ ಕೇಳಿತು, ಬದುಕುಳಿದ ಒಬ್ಬೊಬ್ಬರಿಗೂ 20 ಸಾವಿರ ಡಾಲರ್ ಪರಿಹಾರ ಗೊತ್ತುಮಾಡಿತು. ಆ ಹೊತ್ತಿಗೆ ನೋಟೀಸು ಓದಿ ಅಂಗಡಿ ಮಾರಿ ಹೋದ ಹಿರಿಯರಲ್ಲಿ ಅನೇಕರು ಇರಲಿಲ್ಲ. ವಾರೆನ್ ಸತ್ತು ಹದಿನಾಲ್ಕು ವರ್ಷ ಕಳೆದಿತ್ತು.

ಈಗ ಮೊದಲ ಪ್ರಶ್ನೆಗೆ ಬರೋಣ. ಜೂಜಿನ ಹಡಗಿನ ಮೇಲೆ ದಾಳಿ ಮಾಡಿದ ದಿನ ವಾರೆನ್ ಕೈಲಿದ್ದ ಅಧಿಕಾರವೂ, ಜಪಾನಿಯರ ನಕ್ಷೆ ತರಿಸಿದ ದಿನ ಇದ್ದ ಅಧಿಕಾರವೂ ಒಂದೇ. ಎರಡು ದಿನವೂ ಜನ ಅವರ ಹಿಂದೆಯೇ ಇದ್ದರು. ಮೊದಲನೇ ದಿನ ಜನರೂ ಕಾನೂನೂ ಒಂದೇ ದಾರಿಯಲ್ಲಿದ್ದವು, ಕೆಲಸ ಸುಲಭ. ಎರಡನೇ ದಿನ ಜನ ಒಂದು ದಾರಿ, ಕಾನೂನು ಒಂದು ದಾರಿ. ಸರ್ಕಾರದ ವಕೀಲನಿಗೆ ಸಂಬಳ ಕೊಡೋದು ಆ ಎರಡನೇ ದಿನಕ್ಕೆ. ಅಂದು ಚಪ್ಪಾಳೆ ತಟ್ಟುವ ಸಾವಿರ ಕೈಗಿಂತ, ಗಂಟು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದು ನಿಂತ ಒಂದು ಮಗುವಿಗೆ ಅವನು ಹೆಚ್ಚು ಬೇಕಾಗಿರ್ತಾನೆ.